ಅಕ್ಕ ಕುಲೆಯಾದ ವರ್ಷ

ಕಳೆದ ತಿಂಗಳು ಕಲ್ಲಡ್ಕದಲ್ಲಿ ಸಂಬಂಧಿಕರೊಬ್ಬರ ಮನೆ ಒಕ್ಕಲಿಗೆ ಹೋಗಿದ್ದೆ. ಪೂಜೆ ಮುಗಿದ ಮೇಲೆ ಕೆಂಡಕ್ಕೆ ರಾಳದ ಪುಡಿ ಎರಚಿ, ಕೋಣೆಯಿಂದ ಕೋಣೆಗೆ ಹೊಗೆ ಹಿಡಿಯುತ್ತ ಬಂದರು. ಎಲ್ಲರೂ ಕಣ್ಣುಜ್ಜಿಕೊಂಡು ಅಂಗಳಕ್ಕೆ ಹೋದರು. ನಾನು ಮಾತ್ರ ಎದ್ದಿರಲಿಲ್ಲ.

"ಚಿಕ್ಕಮ್ಮ, ಕಣ್ಣು ಉರಿಯುವುದಿಲ್ವಾ ನಿಮಗೆ?" ಎಂದು ಮನೆಯ ಹುಡುಗಿ ಕೇಳಿದಳು.

"ಉರಿಯುತ್ತದೆ" ಎಂದೆ.

ರಾಳದ ವಾಸನೆಗೆ ಬೇರೆಯವರಿಗೆ ದೇವರ ಕೋಣೆ ನೆನಪಾಗುತ್ತದೋ ಏನೋ. ನನಗೆ ನೆನಪಾಗುವುದು ಬಂಟ್ವಾಳದ ಹೊಳೆಬದಿಯಲ್ಲಿದ್ದ ಒಂದು ಹಳೆಯ ಮುಸಾಫಿರಿ ಬಂಗಲೆ, ಅದರ ಜಗಲಿಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಮಣ್ಣಿನ ಚಟ್ಟಿಗಳಿಗೆ ರಾಳ ಎರಚಿ ಹೊಗೆ ಬೀಸುತ್ತಿದ್ದ ಮದ್ರಾಸಿನ ಕೆಲಸಗಾರರು, ಆ ಹೊಗೆಯ ನಡುವಿನಿಂದ ಕೂದಲು ಬಿಚ್ಚಿಕೊಂಡು ಮೆಲ್ಲಗೆ ನಡೆದು ಬರುವ ನನ್ನ ಅಕ್ಕ ವಾರಿಜ. ಅರವತ್ತರ ದಶಕದ ನಡುವಿನ ವರ್ಷ ಅದು. ಮಳೆ ಇಳಿಯತೊಡಗುವ ಸೋಣ ತಿಂಗಳಲ್ಲಿ ತೊಡಗಿ ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಕ್ಕನ ಬದುಕು ಯಾವ ದಿಕ್ಕಿಗೆ ಹೋಗಬೇಕೆಂದು ತೀರ್ಮಾನವಾದದ್ದೂ ಅಷ್ಟರಲ್ಲೇ.

ಆಗ ನಮ್ಮ ಮನೆ ಬಂಟ್ವಾಳದ ಪೇಟೆಯಲ್ಲಿತ್ತು. ಅಪ್ಪ ಮೋಟಾರ್ ಸರ್ವಿಸಿನ ಏಜೆಂಟರು. ಬಸ್ಸು ಬರುವುದು ಹೋಗುವುದು ಅವರ ಶೀಟಿಯಲ್ಲಿ. ಅಕ್ಕ ವಾಮದಪದವಿನ ಕಡೆಯ ಒಂದು ಶಾಲೆಯಲ್ಲಿ ಟೀಚರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಿಗೆ ಕಲಿಯುತ್ತಿದ್ದೆ. ಮನೆಯಲ್ಲಿ ನಾವು ಆಡುತ್ತಿದ್ದುದು ತುಳು. ಇಲ್ಲಿ ಆ ಮಾತುಗಳನ್ನೆಲ್ಲ ಕನ್ನಡದಲ್ಲೇ ಬರೆಯುತ್ತಿದ್ದೇನೆ.

'ಕಡವಿನ ಬಂಗಲೆ' ಎಂಬ ಕಾದಂಬರಿ ಅದಕ್ಕೂ ಮೊದಲಿನ ವರ್ಷ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಪತ್ರಿಕೆಯ ಕಟ್ಟು ಅಪ್ಪನ ಬಸ್ಸಿನಲ್ಲೇ ಬರುತ್ತಿದ್ದುದರಿಂದ ಊರಿಗೆಲ್ಲ ಮೊದಲು ಓದುವವರು ನಾವು. ಅಕ್ಕ ಚಾವಡಿಯಲ್ಲಿ ಕುಳಿತು ಗಟ್ಟಿಯಾಗಿ ಓದುವಳು. ಅಕ್ಕಪಕ್ಕದ ಹೆಂಗಸರು ಬೀಡಿ ಕಟ್ಟುವ ಗೆರಸೆ ಹಿಡಿದುಕೊಂಡೇ ಬಂದು ಕೇಳುವರು. ಕಥೆ ಇಷ್ಟೇ: ಹೊಳೆಬದಿಯ ಬಂಗಲೆಯನ್ನು ನೋಡಿಕೊಳ್ಳುವ ಮೇಟಿಯ ಹೆಂಡತಿ ನಾಗವೇಣಿ. ನೆರೆ ಬಂದ ದಿನ ಎಳೆಗೂಸನ್ನು ಎತ್ತಿಕೊಂಡು ಬಂಗಲೆಯ ಬಾಗಿಲು ಬಡಿಯುತ್ತಾಳೆ. ಒಳಗಿದ್ದ ದೊಡ್ಡ ಮನುಷ್ಯ ಬಾಗಿಲು ತೆರೆಯುವುದಿಲ್ಲ. ತಾಯಿ, ಮಗು ಇಬ್ಬರೂ ಹೊಳೆಯ ಪಾಲು. ಅಂದಿನಿಂದ ಪ್ರತಿ ಮಳೆಗಾಲ ಅವಳು ಬಂದು ಬಾಗಿಲು ಬಡಿಯುತ್ತಾಳೆ. ಎಷ್ಟೋ ವರ್ಷದ ನಂತರ ಆ ಬಂಗಲೆಗೆ ಒಬ್ಬ ಇಂಜಿನಿಯರು ಸಂಸಾರ ಸಮೇತ ಬರುತ್ತಾನೆ. ಆಮೇಲೆ ಹೆದರಿಕೆಯ ಮೇಲೆ ಹೆದರಿಕೆ. ಆದರೆ ಕೊನೆಗೆ ಒಂದು ಅಧ್ಯಾಯವಿತ್ತು. ನಾಗವೇಣಿ ಒಳಗೆ ಬಂದೇಬಿಡುತ್ತಾಳೆ. ಇಂಜಿನಿಯರನ ಮಗು ಜ್ವರದಲ್ಲಿ ಬೇಯುತ್ತ ತೊಟ್ಟಿಲಲ್ಲಿ ಒಂಟಿಯಾಗಿ ಮಲಗಿರುತ್ತದೆ. ಕೊಲ್ಲಲೆಂದು ಬಂದವಳು ಅದನ್ನು ಮಡಿಲಿಗೆ ಹಾಕಿಕೊಂಡು, ಜ್ವರ ಇಳಿಯುವವರೆಗೆ ತಟ್ಟುತ್ತ ಕೂರುತ್ತಾಳೆ. ಅಕ್ಕ ಆ ಅಧ್ಯಾಯ ಓದಿದ ದಿನ ಬೀಡಿ ಕಟ್ಟುವವರ ಕೈ ನಿಂತುಹೋಗಿತ್ತು.

ಆ ಕಾದಂಬರಿಯನ್ನು ಸಿನೆಮಾ ಮಾಡುತ್ತಾರಂತೆ, ಅದೂ ನಮ್ಮೂರಿನ ಹೊಳೆಬದಿಯಲ್ಲಿ ಪಾಳು ಬಿದ್ದಿದ್ದ ಬಂಗಲೆಯಲ್ಲೇ ಅಂತೆ ಎಂದು ಗೊತ್ತಾದಾಗ ಪೇಟೆಗೆ ಪೇಟೆಯೇ ಎದ್ದು ನಿಂತಿತು. ಸಿನೆಮಾದವರು ಮೂಡುಬಿದಿರೆಯಲ್ಲಿ ಬಿಡಾರ ಮಾಡಿ, ದಿನಾ ವ್ಯಾನಿನಲ್ಲಿ ಬಂದು ಹೋಗುತ್ತಿದ್ದರು. ಅವರು ಮಳೆಗಾಗಿಯೇ ಇಲ್ಲಿಯವರೆಗೆ ಬಂದದ್ದು. ಆದರೆ ಅವರು ಕಾಲಿಟ್ಟ ಮರುದಿನವೇ ಮಳೆ ಬಿಟ್ಟಿತು. ಆಮೇಲೆ ತೋಟಕ್ಕೆ ನೀರು ಹಾಯಿಸುವ ಡೀಸೆಲ್ ಪಂಪು ತರಿಸಿ, ಹೊಳೆಯ ನೀರನ್ನೇ ಎತ್ತಿ ಬಂಗಲೆಯ ಮಾಡಿಗೆ ಸುರಿದರು. "ನಮ್ಮೂರಿಗೆ ಮದ್ರಾಸಿನಿಂದ ಮಳೆ ಬಂತು ಮಾರಾಯ್ರೆ" ಎಂದು ಅಪ್ಪ ಬಸ್ಸಿನವರಿಗೆಲ್ಲ ಹೇಳಿ ನಗುತ್ತಿದ್ದರು.

ನಾಗವೇಣಿಯ ಪಾತ್ರಕ್ಕೆ ಮದ್ರಾಸಿನಿಂದ ಒಬ್ಬಳು ನಟಿ ಬಂದಿದ್ದಳು. ತುಂಬಿದ ಹೊಳೆಯಲ್ಲಿ ದೋಣಿ ಹತ್ತಿದ ದಿನವೇ ಅವಳಿಗೆ ಚಳಿಜ್ವರ ಹಿಡಿಯಿತು. ನಿರ್ದೇಶಕರಾದ ಗೋಪಾಲರಾಯರು, ಮೈಸೂರು ಕಡೆಯವರು, ಅವಳು ಏಳುವವರೆಗೆ ಅವಳ ಹಿಂಬದಿ ಮಾತ್ರ ಕಾಣುವ ತುಣುಕುಗಳನ್ನಾದರೂ ತೆಗೆಯೋಣ ಎಂದುಕೊಂಡರು. ಅದಕ್ಕೆ ಎತ್ತರದ, ಉದ್ದ ಕೂದಲಿನ ಹೆಂಗಸೊಬ್ಬಳು ಬೇಕಿತ್ತು. ಆ ಆದಿತ್ಯವಾರ ನೋಡಲು ಬಂದವರ ಗುಂಪಿನಲ್ಲಿ ನಾವಿದ್ದೆವು. ಅಕ್ಕ ತಲೆಗೆ ಮಿಂದು ಬಂದಿದ್ದಳು. ಕೂದಲು ಮೊಣಕಾಲ ತನಕ.

ರಾಯರು ನೇರ ಅಪ್ಪನ ಹತ್ತಿರ ಬಂದರು. "ಯಜಮಾನ್ರೇ, ತಪ್ಪು ತಿಳ್ಕೋಬೇಡಿ. ಮುಖ ಕಾಣಲ್ಲ. ಬರೀ ಬೆನ್ನು. ನಿಮ್ಮ ಮಗಳು ಆ ಮೆಟ್ಟಿಲಿನಿಂದ ಬಾಗಿಲವರೆಗೆ ನಡೆದರೆ ಸಾಕು."

ಅಪ್ಪ ಅಕ್ಕನ ಮುಖ ನೋಡಿದರು. "ಎಂತ ಮಾಡುವ?"

"ಬೆನ್ನಲ್ವಾ ಅಪ್ಪ" ಎಂದಳು ಅಕ್ಕ. "ಬೆನ್ನಿಗೆ ಎಂತ ಹೆಸರುಂಟು?"

ಹಾಗೆ ಶುರುವಾಯಿತು. ಬಿಳಿ ಸೀರೆ ಉಡಿಸಿದರು. ಅಚ್ಚ ಬಿಳಿಯಾದರೆ ಕ್ಯಾಮರಾಕ್ಕೆ ಕಣ್ಣು ಕುಕ್ಕುತ್ತದೆಂದು ಅದನ್ನು ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದ್ದರು. ಅದು ನಡುಹಗಲು. ಆದರೆ ಕ್ಯಾಮರಾದವನು ಕಣ್ಣಿನ ಮುಂದೆ ಕೆಂಪು ಗಾಜು ಹಿಡಿದು ನನಗೂ ತೋರಿಸಿದ. ಆಕಾಶ ಕಪ್ಪಾಗಿ ಕಾಣುತ್ತಿತ್ತು. "ಈ ಗಾಜು ಹಾಕಿದರೆ ಮಧ್ಯಾಹ್ನವೂ ಅಮಾವಾಸ್ಯೆಯೇ" ಎಂದ. ಆ ಸಿನೆಮಾದ ರಾತ್ರಿಗಳೆಲ್ಲ ನಮ್ಮೂರಿನ ಬಿಸಿಲಿನಲ್ಲಿ ತೆಗೆದ ರಾತ್ರಿಗಳು.

ಅಕ್ಕ ನಡೆದಳು. ಹೊಗೆಯ ನಡುವೆ ಮೆಟ್ಟಿಲು ಹತ್ತಿ ಬಾಗಿಲ ಹತ್ತಿರ ನಿಂತಳು. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಬಾಗಿಲಿಗೆ ಕೈ ಇಟ್ಟವಳು, ಯಾರೋ ಕರೆದರೇನೋ ಎಂಬಂತೆ ಮೆಲ್ಲಗೆ ತಲೆ ತಿರುಗಿಸಿ ಹೊಳೆಯ ಕಡೆ ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ಹೇಳಲಾರೆ. ಪಂಪಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಮ್ಮ ಬೆನ್ನ ಹಿಂದೆ ನಿಂತಿದ್ದ ಒಬ್ಬಳು ಮುದುಕಿ "ನಾರಾಯಣ" ಎಂದು ಬಾಯಿಗೆ ಸೆರಗು ಇಟ್ಟುಕೊಂಡಳು.

ರಾಯರು ಅಕ್ಕನ ಹತ್ತಿರ ಬಂದು ಕೇಳಿದರು, "ತಿರುಗು ಅಂತ ನಾನು ಹೇಳಲಿಲ್ಲವಲ್ಲಮ್ಮ?"

"ಮಗು ಹೊಳೆಯಲ್ಲಿ ಹೋದದ್ದಲ್ವಾ ಸರ್. ಬಾಗಿಲು ಬಡಿಯುವ ಮೊದಲು ಒಮ್ಮೆ ಅಲ್ಲಿ ನೋಡದೆ ಇರ್ತಾಳಾ?"

ಮದ್ರಾಸಿನ ನಟಿ ಜ್ವರ ಬಿಟ್ಟ ಮೇಲೆ ಊರಿಗೆ ಹೊರಟೇಬಿಟ್ಟಳು. ನಾಗವೇಣಿಯ ಪಾತ್ರವನ್ನೇ ಅಕ್ಕ ಮಾಡಬೇಕೆಂದು ಕೇಳಲು ರಾಯರು ಮರುದಿನ ನಮ್ಮ ಚಾವಡಿಯಲ್ಲಿದ್ದರು.

ಅಕ್ಕನಿಗೆ ಆಗಲೇ ಸಂಬಂಧ ಗೊತ್ತಾಗಿತ್ತು. ಬೆಳ್ತಂಗಡಿಯಲ್ಲಿ ಜವಳಿ ಅಂಗಡಿಯವರ ಮಗ ಸಂಜೀವ. ಒಳ್ಳೆಯ ಹುಡುಗ, ಮಾತು ಕಡಿಮೆ, ನಗು ಹೆಚ್ಚು. ಬೇಸಿಗೆಯಲ್ಲಿ ಮದುವೆ ಎಂದು ಮಾತಾಗಿತ್ತು. ಅಪ್ಪ, "ನನ್ನದೇನೂ ಇಲ್ಲ, ಅಳಿಯ ಆಗುವವರನ್ನು ಒಂದು ಮಾತು ಕೇಳಬೇಕು" ಎಂದರು. ಸಂಜೀವರು ಬಂದರು. ಅಕ್ಕ ಕಾಫಿ ಕೊಟ್ಟು ಬಾಗಿಲ ಸಂದಿನಲ್ಲಿ ನಿಂತಳು.

"ಅವರಿಗೆ ಮನಸ್ಸುಂಟಾ?" ಎಂದು ಸಂಜೀವರು ಅಪ್ಪನನ್ನು ಕೇಳಿದರು.

"ಅವಳಿಗೆ ಉಂಟು" ಎಂದರು ಅಪ್ಪ.

"ಹಾಗಾದರೆ ಮಾಡ್ಲಿ. ಒಂದು ಸಿನೆಮಾ ಅಲ್ವಾ. ನಮ್ಮ ಅಂಗಡಿಗೂ ಜನ ಬಂದಾರು ನೋಡಲಿಕ್ಕೆ."

ಎಲ್ಲರೂ ನಕ್ಕೆವು. ಶಾಲೆಗೆ ರಜೆ ಹಾಕಿದ್ದಾಯಿತು. ಮದುವೆಯಾಗದ ಹುಡುಗಿ ಒಬ್ಬಳೇ ಹೋಗುವ ಹಾಗಿಲ್ಲವೆಂದು ಅಮ್ಮ ನನ್ನನ್ನು ಜೊತೆಗೆ ಹಾಕಿದಳು.

ಅಕ್ಕನ ಮುಖ ಅಷ್ಟು ತೆರೆದುಕೊಂಡದ್ದನ್ನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಬೆಳಿಗ್ಗೆ ಗಂಜಿ ಉಂಡು ಹೊರಟರೆ ಸಂಜೆಯ ತನಕ ಅವಳಿಗೆ ಹಸಿವೆಯ ನೆನಪಿರುತ್ತಿರಲಿಲ್ಲ. ಮುಖಕ್ಕೆ ಹಸಿರು ಛಾಯೆಯ ಬಣ್ಣ, ಕಣ್ಣ ಸುತ್ತ ಕಪ್ಪು. ಕನ್ನಡಿಯಲ್ಲಿ ನೋಡಿ, "ಪಾಪ, ಇವಳಿಗೆ ಉಣ್ಣದೆ ಎಷ್ಟು ಕಾಲವಾಯಿತೋ" ಎನ್ನುವಳು. ನಾಗವೇಣಿಯ ಬಗ್ಗೆ ಅವಳು ಮಾತಾಡುತ್ತಿದ್ದುದೆಲ್ಲ ಹೀಗೇ, ಪಕ್ಕದ ಮನೆಯವಳ ಬಗ್ಗೆ ಮಾತಾಡಿದ ಹಾಗೆ.

ಒಮ್ಮೆ ಊಟದ ಹೊತ್ತಿನಲ್ಲಿ ರಾಯರು ಕೇಳಿದರು, "ನಿಮ್ಮ ಕಡೆ ದೆವ್ವಕ್ಕೆ ಏನಂತಾರಮ್ಮ?"

"ಸತ್ತವರ ಆತ್ಮಕ್ಕೆ ಕುಲೆ ಅಂತೇವೆ ಸರ್. ಆದರೆ ಕುಲೆ ಅಂದರೆ ಹೊರಗಿನವರಲ್ಲ. ನಮ್ಮ ಮನೆಯವರೇ. ಮಳೆಗಾಲದ ಆಟಿ ತಿಂಗಳಲ್ಲಿ ಅವರಿಗೆ ಎಲೆ ಹಾಕಿ ಬಡಿಸ್ತೇವೆ. 'ಉಂಡು ಹೋಗಿ' ಅಂತೇವೆ."

"ಹೆದರಲ್ವಾ?"

"ಹೆದರಿಕೆಯೂ ಉಂಟು. ಬಡಿಸುವುದೂ ಉಂಟು."

ರಾಯರು ಊಟ ನಿಲ್ಲಿಸಿ ತಮ್ಮ ಸಹಾಯಕನ ಕಡೆ ನೋಡಿದರು. "ತೊಟ್ಟಿಲ ದೃಶ್ಯ ಈ ಥರಾನೇ ತೆಗೀಬೇಕು ಕಣಯ್ಯ" ಎಂದರು.

ಆ ದೃಶ್ಯವನ್ನು ತೆಗೆದದ್ದು ದೀಪಾವಳಿ ಕಳೆದ ಮೇಲೆ, ಬಂಗಲೆಯ ಒಳಕೋಣೆಯಲ್ಲಿ. ಕಿಟಕಿಗಳಿಗೆಲ್ಲ ಕಪ್ಪು ಕಂಬಳಿ ಹೊದಿಸಿ, ಬಾಗಿಲ ಬಿಸಿಲನ್ನು ಬೆಳ್ಳಿ ಕಾಗದ ಅಂಟಿಸಿದ ಹಲಗೆಯಿಂದ ತಿರುಗಿಸಿ ಒಂದೇ ಒಂದು ಕೋಲು ಬೆಳಕನ್ನು ತೊಟ್ಟಿಲ ಮೇಲೆ ಬಿಟ್ಟಿದ್ದರು. ಇಂಜಿನಿಯರನ ಮಗುವಾಗಿ ದೋಣಿಯವರ ಮನೆಯ ಎಳೆ ಹೆಣ್ಣುಮಗುವನ್ನು ತಂದಿದ್ದರು. ಬಣ್ಣ ಬಳಿದ ಮುಖ ನೋಡಿದರೆ ಚಿಟ್ಟನೆ ಚೀರುತ್ತದೆ, ನಿದ್ದೆ ಹೋದ ಮೇಲೆ ತೆಗೆಯುವ ಎಂದು ಎಲ್ಲರೂ ಕಾಯುತ್ತಿದ್ದರು. ಅದು ನಿದ್ದೆ ಹೋಗಲೊಲ್ಲದು. ಕೊನೆಗೆ ಅಕ್ಕನೇ, "ಕೊಡಿ ಇಲ್ಲಿ" ಎಂದು ತೆಗೆದುಕೊಂಡಳು. ಮಗು ಅವಳ ಹಸಿರು ಮುಖವನ್ನು ಒಂದಷ್ಟು ಹೊತ್ತು ನೋಡಿತು. ಬಿಚ್ಚಿದ ಕೂದಲನ್ನು ಹಿಡಿದು ಎಳೆಯಿತು. ಆಮೇಲೆ ಬೆರಳು ಬಾಯಿಗಿಟ್ಟುಕೊಂಡು ಎದೆಗೆ ಒರಗಿತು.

ರಾಯರು ಕೈ ಎತ್ತಿದರು. ಕ್ಯಾಮರಾ ತಿರುಗತೊಡಗಿತು.

ಅಕ್ಕ ಮಗುವಿನ ಹಣೆ ಮುಟ್ಟಿದಳು. ಬಿಸಿಯಾದದ್ದು ಮುಟ್ಟಿದವಳ ಹಾಗೆ ಕೈ ಹಿಂದೆ ತೆಗೆದಳು, ಮತ್ತೆ ಇಟ್ಟಳು. ಕೊಲ್ಲಬೇಕೋ ತಟ್ಟಬೇಕೋ ತಿಳಿಯದೆ ಅವಳ ಕೈ ಗಾಳಿಯಲ್ಲಿ ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ಕೈ ಮೆಲ್ಲಗೆ ಇಳಿದು ಮಗುವಿನ ಬೆನ್ನ ಮೇಲೆ ಕೂತಿತು. ನಮ್ಮ ಅಜ್ಜಿ ನಮಗೆ ಹೇಳುತ್ತಿದ್ದ ತುಳು ಜೋಗುಳವೊಂದನ್ನು ಬಾಯೊಳಗೇ ಗುನುಗಿದಳು. ಆ ಕಾಲದ ಅಂಥ ಚಿತ್ರೀಕರಣದಲ್ಲಿ ಸದ್ದು ಹಿಡಿಯುತ್ತಿರಲಿಲ್ಲ, ಮಾತೆಲ್ಲ ಆಮೇಲೆ ಮದ್ರಾಸಿನಲ್ಲಿ ಬೇರೆಯವರಿಂದ ಸೇರಿಸುವುದು. ಹಾಗಾಗಿ ಆ ಗುನುಗನ್ನು ಕೇಳಿದವರು ಆ ಕೋಣೆಯಲ್ಲಿದ್ದ ನಾವಷ್ಟೇ. ಮಗು ನಿಜವಾಗಿಯೂ ನಿದ್ದೆ ಹೋಯಿತು. ಅಕ್ಕನ ಕಣ್ಣಿನ ಕಪ್ಪು ಕರಗಿ ಗಲ್ಲಕ್ಕೆ ಇಳಿಯಿತು.

ಕ್ಯಾಮರಾ ನಿಂತಿತು. ಹಲಗೆ ಹಿಡಿದಿದ್ದ ಆಳು ಮುಖವನ್ನು ಭುಜಕ್ಕೆ ಒರೆಸಿಕೊಳ್ಳುತ್ತಿದ್ದ. ಅಂದು ನೋಡಲೆಂದು ಬಂದಿದ್ದ ಕಾದಂಬರಿಕಾರರು, ಬಿಳಿ ಜುಬ್ಬದ ಸಣ್ಣ ಮೈಕಟ್ಟಿನವರು, ಬಾಗಿಲ ಪಕ್ಕದಲ್ಲಿ ನಿಂತಿದ್ದವರು ಮುಂದೆ ಬಂದು ಅಕ್ಕನಿಗೆ ಕೈ ಮುಗಿದರು. "ಇದನ್ನು ಬರೆಯುವಾಗ ನನಗೆ ಹೆದರಿಕೆಯಾಗಿತ್ತು ತಾಯಿ, ಓದುವವರು ಒಪ್ಪುತ್ತಾರೋ ಇಲ್ಲವೋ ಅಂತ. ಈಗ ಆ ಹೆದರಿಕೆ ಹೋಯಿತು" ಎಂದರು.

ಹಿಂದಿರುಗುವಾಗ, ಮನೆಯ ಹತ್ತಿರ ಬಂದ ಮೇಲೆ ಅಕ್ಕ, "ಇಷ್ಟು ಸಾಕು ಮಾರಾಯ್ತಿ. ಇನ್ನು ಶಾಲೆಗೆ ಹೋದರೂ ಆಗ್ತದೆ, ಬೆಳ್ತಂಗಡಿಗೆ ಹೋದರೂ ಆಗ್ತದೆ" ಎಂದಳು. ಅಷ್ಟು ತುಂಬಿಕೊಂಡಿದ್ದಳು.

ಸಿನೆಮಾದವರು ಹೊರಟುಹೋದರು. ಬೇಸಿಗೆಯ ಹೊತ್ತಿಗೆ ಮಂಗಳೂರಿನಲ್ಲಿ ಚಿತ್ರ ಬಂತು, ಬಂದದ್ದೇ ಭರ್ಜರಿಯಾಗಿ ಓಡಿತು. ಹೆಂಗಸರು ಚಿತ್ರಮಂದಿರದಲ್ಲೇ ಎಚ್ಚರ ತಪ್ಪಿ ಬೀಳುತ್ತಾರಂತೆ ಎಂದು ಬಸ್ಸಿನವರು ಸುದ್ದಿ ತರುತ್ತಿದ್ದರು. ಅಪ್ಪ ಹೆಮ್ಮೆಯಿಂದ ಕೇಳುತ್ತಿದ್ದರು. ಮೂಡುಬಿದಿರೆಯ ಡೇರೆ ಟಾಕೀಸಿಗೆ ಅದು ಬಂದಾಗ ಮನೆಯವರೆಲ್ಲ ಸಂಜೆಯ ಆಟಕ್ಕೆ ಹೋದೆವು. ಅಕ್ಕ ಮದುವೆಗೆಂದು ತೆಗೆದಿರಿಸಿದ್ದ ಸೀರೆಗಳಲ್ಲೊಂದನ್ನು ಉಟ್ಟಿದ್ದಳು.

ಚಿತ್ರ ಶುರುವಾಯಿತು. ಹೆಸರುಗಳ ಸಾಲಿನಲ್ಲಿ ಅವಳ ಹೆಸರಿರಲಿಲ್ಲ. "ಕುಲೆಗೆ ಹೆಸರು ಯಾಕೆ" ಎಂದು ಅವಳೇ ಪಿಸುಗುಟ್ಟಿ ನಕ್ಕಳು. ಆಮೇಲೆ ಅವಳ ಮುಖ ಬಂತು. ನಾನು ದಿನಾ ನೋಡಿದ ಮುಖವಲ್ಲ ಅದು. ಕೆಳಗಿನಿಂದ ಬೆಳಕು ಬಿದ್ದು, ಪರದೆಯ ತುಂಬ ಹರಡಿ, ಯಾರದೋ ಗೊಗ್ಗರು ದನಿಯಲ್ಲಿ ಗಹಗಹಿಸುತ್ತಿತ್ತು. ಅಕ್ಕ ಅಲ್ಲಿ ನಗಲೇ ಇಲ್ಲ! ಅವಳು ಬಾಯಿ ತೆರೆದು ಅತ್ತ ತುಣುಕಿಗೆ ಆ ನಗುವನ್ನು ಅಂಟಿಸಿದ್ದರು. ಹೊಳೆಯ ಕಡೆ ತಿರುಗಿ ನೋಡಿದ ಆ ನೋಟಕ್ಕೆ ಸಿಡಿಲಿನ ಸದ್ದು ಹಾಕಿದ್ದರು. ಡೇರೆಗೆ ಡೇರೆಯೇ ಕಿರುಚಿತು.

ಅಕ್ಕ ನನ್ನ ಕೈ ಹಿಡಿದುಕೊಂಡಳು. "ತೊಟ್ಟಿಲಿನದ್ದು ಬರ್ಲಿ, ನೋಡು" ಎಂದಳು.

ಅದು ಬರಲಿಲ್ಲ. ಮಗು ಜ್ವರದಲ್ಲಿ ಮಲಗಿದ್ದು ಬಂತು. ನಾಗವೇಣಿ ಕೋಣೆಗೆ ಬಂದದ್ದು ಬಂತು. ತೊಟ್ಟಿಲ ಮೇಲೆ ಅವಳ ಕೈ ಗಾಳಿಯಲ್ಲಿ ನಿಂತದ್ದೂ ಬಂತು. ಅಲ್ಲಿಗೆ ಕತ್ತರಿಸಿ, ಮಂತ್ರವಾದಿಯೊಬ್ಬ ಬಾಗಿಲು ಒದ್ದು ನುಗ್ಗುತ್ತಾನೆ. ಅಂಥವನು ಕಾದಂಬರಿಯಲ್ಲೇ ಇಲ್ಲ. ಭಸ್ಮ ಎರಚುತ್ತಾನೆ, ಬೆಂಕಿ ಏಳುತ್ತದೆ, ಪ್ರೇತ ಚೀರುತ್ತ ಉರಿದುಹೋಗುತ್ತದೆ. ಜನ ಚಪ್ಪಾಳೆ ತಟ್ಟಿದರು. ಮಗುವನ್ನು ಉಳಿಸಿದವಳು ಮಗುವನ್ನು ಕೊಲ್ಲಹೊರಟವಳಾಗಿ ಸತ್ತಳು.

"ರೀಲು ಬಿಟ್ಟುಹೋಯಿತೋ ಏನೋ" ಎಂದಳು ಅಕ್ಕ. ಅಪ್ಪ ಎದ್ದು ಹೋಗಿ ಯಂತ್ರ ನಡೆಸುವವನನ್ನು ಕೇಳಿ ಬಂದರು. "ಬಂದದ್ದೇ ಇಷ್ಟು ಅಂತೆ" ಎಂದರು.

ಡೇರೆಯ ಹೊರಗೆ ಗ್ಯಾಸ್ ಲೈಟಿನ ಬೆಳಕಿನಲ್ಲಿ ಯಾರೋ ಅಕ್ಕನ ಗುರುತು ಹಿಡಿದರು. ಜನ ಮುತ್ತಿಕೊಳ್ಳುತ್ತಾರೆಂದು ನಾನು ಅಂದುಕೊಂಡೆ. ಯಾರೂ ಮುತ್ತಲಿಲ್ಲ. ಸರಿದು ದಾರಿ ಬಿಟ್ಟರು. ಒಬ್ಬಳು ತಾಯಿ ಮಗುವಿನ ಮುಖವನ್ನು ತನ್ನ ಸೆರಗಿನೊಳಗೆ ಮುಚ್ಚಿಕೊಂಡಳು. ಅಕ್ಕ ಅದನ್ನು ನೋಡಿದಳು.

ಮಳೆ ಹಿಡಿದು ಶಾಲೆ ಮತ್ತೆ ತೆರೆಯಿತು. ಸಣ್ಣ ತರಗತಿಯ ಮಕ್ಕಳು ಅವಳನ್ನು ಕಂಡರೆ ಅಳತೊಡಗಿದವು. ದೊಡ್ಡವರು ಬೆನ್ನ ಹಿಂದೆ 'ಕುಲೆ ಟೀಚರ್' ಎಂದರು. ಯಾವುದೋ ಮಗುವಿಗೆ ಜ್ವರ ಬಂದರೆ, ಟೀಚರು ತಲೆ ಮುಟ್ಟಿದ್ದರಂತೆ ಎಂದಾಯಿತು. ಹೆಡ್ಮಾಸ್ಟರು ಕೆಟ್ಟವರಲ್ಲ. ಮುಖ ತಗ್ಗಿಸಿಕೊಂಡೇ ಹೇಳಿದರು, "ಸ್ವಲ್ಪ ಸಮಯ ನೀವು ಬರುವುದು ಬೇಡ ಟೀಚರ್. ಜನ ಮರೆಯಲಿ." ಅಕ್ಕ ಮನೆಗೆ ಬಂದು ಅದನ್ನು ಹೇಳಿದ ಸಂಜೆ ಅಪ್ಪ ಊಟ ಮಾಡಲಿಲ್ಲ.

ಮುಹೂರ್ತ ಹತ್ತಿರ ಬಂದಾಗ ಸಂಜೀವರ ಮನೆಯವರು ಏನೋ ನೆಪ ಹೇಳಿ ಮದುವೆಯನ್ನು ಮಳೆಗಾಲ ಕಳೆದ ಮೇಲೆ ಎಂದು ಮುಂದೂಡಿದ್ದರು. ಅಷ್ಟರಲ್ಲಿ ಚಿತ್ರ ಬೆಳ್ತಂಗಡಿಗೂ ಬಂದು ಹೋಗಿತ್ತು. ಒಂದು ದಿನ ಸಂಜೀವರು ಒಬ್ಬರೇ ಬಂದರು. ಛತ್ರಿ ಮಡಚಿ ಬಾಗಿಲಿಗೆ ಒರಗಿಸಿ, ಎಷ್ಟು ಹೊತ್ತಾದರೂ ಕೂರಲಿಲ್ಲ.

"ಅಮ್ಮ ಒಪ್ಪುವುದಿಲ್ಲ" ಎಂದರು ಕೊನೆಗೆ. "ಬೆಳಿಗ್ಗೆ ಎದ್ದು ಆ ಮುಖ ಹೇಗೆ ನೋಡ್ಲಿ ಅಂತ ಅಳ್ತಾರೆ. ನಾನು ಬೇಕಾದಷ್ಟು ಹೇಳಿದೆ."

ಅಪ್ಪ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಅಕ್ಕ ಒಳಗಿನಿಂದ ಬಂದು ನೇರ ಅವರ ಎದುರು ನಿಂತಳು.

"ನೀವು ನೋಡಿದ್ರಾ ಸಿನೆಮಾ?"

"ನೋಡಿದೆ."

"ಹೆದರಿಕೆ ಆಯ್ತಾ?"

ಸಂಜೀವರು ತಲೆ ಎತ್ತಲಿಲ್ಲ. "ಆಯ್ತು" ಎಂದರು.

"ಹಾಗಾದ್ರೆ ನಾನು ಒಳ್ಳೆದೇ ಮಾಡಿದ್ದೇನೆ" ಎಂದಳು ಅಕ್ಕ. ಅಂಗಳದ ಕಡೆ ನೋಡಿದಳು. "ಮಳೆ ಜೋರುಂಟು. ಕಡಿಮೆಯಾದ ಮೇಲೆ ಹೊರಡಿ." ಒಳಗೆ ಹೋಗಿ ಅವರಿಗೆ ಕಾಫಿ ಮಾಡಿ ನನ್ನ ಕೈಯಲ್ಲಿ ಕಳಿಸಿದಳು. ಸಂಜೀವರು ಆ ಕಾಫಿಯನ್ನು ಪೂರ್ತಿ ಕುಡಿದರು. ಅವರ ಕಣ್ಣು ತುಂಬಿತ್ತು. ಕೆಟ್ಟವರೆಂದು ಇವತ್ತಿಗೂ ನನಗೆ ಅನಿಸುವುದಿಲ್ಲ. ಒಂದು ಹೆಜ್ಜೆ ಮುಂದಿಡಲಾಗದ ಒಳ್ಳೆಯವರು ಎಷ್ಟು ಜನ ಇಲ್ಲ.

ಅದೇ ಮಳೆಯಲ್ಲಿ ಗೋಪಾಲರಾಯರು ಮಂಗಳೂರಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬಂದರು. ಅವರಿಗೆ ಇಲ್ಲಿನ ಸುದ್ದಿಯೊಂದೂ ಗೊತ್ತಿರಲಿಲ್ಲ. ಅಮ್ಮ ಬೆಲ್ಲ, ನೀರು ತಂದಿಟ್ಟಳು. ಅಪ್ಪ ಒಂದೊಂದಾಗಿ ಎಲ್ಲ ಹೇಳಿದರು. ರಾಯರ ಕೈಯಲ್ಲಿದ್ದ ಬೆಲ್ಲದ ತುಂಡು ಹಾಗೇ ಉಳಿಯಿತು.

"ತೊಟ್ಟಿಲಿನ ದೃಶ್ಯ ಯಾಕೆ ತೆಗೆದು ಹಾಕಿದ್ರಿ ಸರ್?" ಎಂದು ಅಕ್ಕ ಕೇಳಿದಳು. ಸಿಟ್ಟಿನಿಂದಲ್ಲ. ಗೊತ್ತಿಲ್ಲದ್ದನ್ನು ಕೇಳುವ ಹಾಗೆ.

"ಹಂಚಿಕೆದಾರರಿಗೆ ಹಾಕಿ ತೋರಿಸಿದೆವಮ್ಮ. ಅವರೂ ಅತ್ರು. ಅತ್ತು, ಇದನ್ನ ತೆಗೀರಿ ಅಂದ್ರು. ಹೆದರಿಸೋ ಚಿತ್ರದಲ್ಲಿ ಜನಕ್ಕೆ ದೆವ್ವದ ಮೇಲೆ ಕನಿಕರ ಬಂದ್ರೆ ಯಾರು ಹೆದರ್ತಾರೆ ಅಂದ್ರು. ನಾನು ಜಗಳ ಆಡಿದೆ. ಸಾಲಲಿಲ್ಲ ನನ್ನ ಜಗಳ."

"ಆ ತೆಗೆದು ಹಾಕಿದ್ದು ಈಗ ಎಲ್ಲಿ ಉಂಟು?"

ರಾಯರು ಬೆಲ್ಲದ ತುಂಡನ್ನು ತಟ್ಟೆಯಲ್ಲಿ ಇಟ್ಟರು. "ಕತ್ತರಿಸಿದ ತುಂಡುಗಳನ್ನ ಇಟ್ಟುಕೊಳ್ಳೋದಿಲ್ಲಮ್ಮ. ರದ್ದಿಯವರು ಒಯ್ಯುತ್ತಾರೆ. ತೊಳೆದು ಬೆಳ್ಳಿ ತೆಗೀತಾರೆ. ಉಳಿದದ್ದು ಬಳೆ ಮಾಡೋರಿಗೆ ಹೋಗುತ್ತೆ."

"ಬಳೆಯಾ?"

"ಹೂಂ. ಫಿಲ್ಮಿನ ಬಳೆ. ಅಗ್ಗದ್ದು."

ರಾಯರು ಹೊರಡುವಾಗ, ಇನ್ನೊಂದು ಚಿತ್ರಕ್ಕೆ ಖಂಡಿತ ಕರೀತೀನಿ, ಒಳ್ಳೆಯ ಪಾತ್ರ ಕೊಡ್ತೀನಿ ಎಂದರು. ಮನಸ್ಸಿನಿಂದಲೇ ಹೇಳಿದರೆಂದು ನನ್ನ ನಂಬಿಕೆ. ಆದರೆ ಯಾರೂ ಕರೆಯಲಿಲ್ಲ. ಆ ವರ್ಷವೆಲ್ಲ ಪೇಟೆಯ ಬಳೆಯಂಗಡಿಯ ಎದುರು ಹಾದುಹೋಗುವಾಗ ನಾನು ಮುಖ ತಿರುಗಿಸುತ್ತಿದ್ದೆ. ಅಕ್ಕ ನಿಂತು ನೋಡುತ್ತಿದ್ದಳು.

ಮಳೆ ಮುಗಿಯುವ ಮೊದಲೇ ಅವಳು ಬೆಳ್ತಂಗಡಿಯಿಂದಲೂ ಒಳಗೆ, ಘಟ್ಟದ ಬುಡದ ಒಂದು ಶಾಲೆಗೆ ಕೇಳಿ ಹಾಕಿಸಿಕೊಂಡು ಹೋದಳು. ಬಸ್ಸು ಇಳಿದು ಗುಡ್ಡ ಹತ್ತಿ ನಡೆಯಬೇಕಾದ ಊರು. ಡೇರೆ ಟಾಕೀಸು ಅಲ್ಲಿಯ ತನಕ ಹೋಗುತ್ತಿರಲಿಲ್ಲ, ಅದೇ ಅವಳಿಗೆ ಬೇಕಾದದ್ದು. ಹೊರಡುವ ದಿನ ಅಪ್ಪ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಬದಿ ಜಾಗ ಹಿಡಿದು ಕೂರಿಸಿದರು. ದಿನಾ ಎಷ್ಟೋ ಬಸ್ಸಿಗೆ ಶೀಟಿ ಊದುವವರು, ಅಂದು ಶೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು. ಕೊನೆಗೆ ಕಂಡಕ್ಟರನೇ ಗಂಟೆ ಎಳೆದ. 'ಬೆನ್ನು ಮಾತ್ರ ಎಂದಿದ್ದರು, ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು' ಎಂದು ಅಪ್ಪ ಬದುಕಿರುವವರೆಗೂ ಹೇಳುತ್ತಿದ್ದರು.

ಅಕ್ಕ ಆ ಊರಿನಲ್ಲೇ ಉಳಿದಳು. ಮದುವೆಯಾಗಲಿಲ್ಲ. ಅಲ್ಲಿಯ ಮಕ್ಕಳಿಗೆ ಅವಳು ಬರೀ ವಾರಿಜ ಟೀಚರು. ಅವುಗಳ ಮಕ್ಕಳಿಗೂ ಅವಳೇ ಅಕ್ಷರ ಕಲಿಸಿದಳು. ಶಾಲೆಯಲ್ಲಿ ವರ್ಷವರ್ಷ ನಾಟಕ ಆಡಿಸುತ್ತಿದ್ದಳು, ತಾನು ಮಾತ್ರ ಬಣ್ಣ ಮುಟ್ಟಲಿಲ್ಲ. ರಜೆಯಲ್ಲಿ ನನ್ನ ಮನೆಗೆ ಬಂದಾಗ ನಾವು ಆ ವರ್ಷದ ಮಾತೆತ್ತುತ್ತಿರಲಿಲ್ಲ.

ಅವಳು ನಿವೃತ್ತಳಾದ ಮೇಲೆ, ಆ ಊರಿಗೂ ಟಿವಿ ಬಂದ ಕಾಲದಲ್ಲಿ, ನಾನು ಕೆಲವು ದಿನ ಅವಳ ಜೊತೆಗಿರಲು ಹೋಗಿದ್ದೆ. ಒಂದು ಆದಿತ್ಯವಾರ ಸಂಜೆ ಪಕ್ಕದ ಮನೆಯ ಮಕ್ಕಳು ಓಡಿ ಬಂದು, "ಟೀಚರ್, ಭೂತದ ಹಳೆ ಸಿನೆಮಾ ಉಂಟು, ಬನ್ನಿ" ಎಂದು ಇಬ್ಬರನ್ನೂ ಎಳೆದುಕೊಂಡು ಹೋದವು. ಕುಳಿತ ಮೇಲೆ ಪರದೆಯಲ್ಲಿ ಹೊಳೆ ಕಂಡಿತು. ನಾನು ಏಳಲು ಹೊರಟೆ. ಅಕ್ಕ ನನ್ನ ಸೀರೆ ಹಿಡಿದು ಕೂರಿಸಿದಳು.

ಅವಳ ಮುಖ ಬಂತು. ಸಿಡಿಲು ಬಡಿಯಿತು. ಗೊಗ್ಗರು ನಗು ಕೇಳಿತು. ಮಕ್ಕಳು ಕ್ಷಣ ಹೊತ್ತು ಪಿಳಿಪಿಳಿ ನೋಡಿದವು. ಆಮೇಲೆ ಒಬ್ಬಳು ಕಿಸಕ್ಕನೆ ನಕ್ಕಳು. ಇನ್ನೊಬ್ಬ ಚಾಪೆಯ ಮೇಲೆ ಬಿದ್ದು ಹೊರಳಾಡಿ ನಕ್ಕ. "ಟೀಚರ್, ನೋಡಿ ನೋಡಿ, ಅದರ ಕಣ್ಣು! ಕರಿ ಬಳಿದದ್ದು ಗೊತ್ತಾಗ್ತದೆ!" ಮಂತ್ರವಾದಿ ಬಂದಾಗಲಂತೂ ಮನೆಯವರೆಲ್ಲ ನಗೆಯಲ್ಲಿ ಮುಳುಗಿದರು. ಆ ಮುಖ ತಮ್ಮ ಪಕ್ಕದಲ್ಲೇ ಕುಳಿತಿದೆಯೆಂದು ಒಬ್ಬರಿಗೂ ಗೊತ್ತಾಗಲಿಲ್ಲ.

ಅಕ್ಕ ಕೊನೆಯವರೆಗೂ ನೋಡಿದಳು. ಎದ್ದು, ಮನೆಯವರಿಗೆ ಹೇಳಿ, ಅಂಗಳ ದಾಟಿ ತನ್ನ ಮನೆಯ ಜಗಲಿಯಲ್ಲಿ ಕುಳಿತಳು. ಒಳಗೆ ಮಕ್ಕಳು ಇನ್ನೂ ಆ ನಗುವನ್ನು ಅಣಕಿಸುತ್ತಿದ್ದವು. ಅವಳು ಬಹಳ ಹೊತ್ತು ಅದನ್ನೇ ಕೇಳಿಸಿಕೊಂಡಳು.

"ಇಷ್ಟಕ್ಕೇ ಅಲ್ವಾ," ಎಂದಳು ಆಮೇಲೆ, "ಇಷ್ಟಕ್ಕೇ ಅಲ್ವಾ ಅವರೆಲ್ಲ ಅಷ್ಟು ಹೆದರಿದ್ದು?"

ನಾನು ಅವಳ ಕೈ ಹಿಡಿದುಕೊಂಡೆ.